ವಚನದ ಹಿಂದಿನ ಸಾಲೂ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಬರುವ ಭಕ್ತಿ ಚಿಂತನೆಯನ್ನು ನಾನು ತಪ್ಪದೆ ಓದುತ್ತೇನೆ. ಕಳೆದ ವಾರ ಅದರ ಮೇಲ್ಗಡೆ ಯೆರೆಮೀಯ 29ನೇ ಅಧ್ಯಾಯದ 11ನೇ ವಚನ ಇತ್ತು. ನಿಮ್ಮ ವಿಷಯದಲ್ಲಿ ನನಗಿರುವ ಯೋಚನೆಗಳು ಕೇಡಿನವಲ್ಲ, ಒಳ್ಳೆಯವೇ, ನಿಮಗೆ ನಿರೀಕ್ಷೆ ಕೊಡುವಂಥವು ಎಂದು ದೇವರು ಹೇಳುವ ವಚನ. ನಿಮ್ಮ ಕಷ್ಟ ಏನೇ ಇರಲಿ, ಬೇಗನೆ ಮುಗಿಯುತ್ತದೆ, ಈ ವಚನವನ್ನು ಹಿಡಿದುಕೊಳ್ಳಿ ಎಂದು ಅದರ ಕೆಳಗೆ ಬರೆದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. 'ಬೇಗನೆ' ಎನ್ನುವ ಮಾತು ಆ ವಚನದಲ್ಲಿ ಇಲ್ಲ. ಅದರ ಹಿಂದಿನ ವಚನದಲ್ಲಿ ಇರುವುದು 70 ವರ್ಷ.

ನನ್ನ ಯಜಮಾನರಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ಆಮೇಲೆ 9 ವರ್ಷ ಅವರು ಹಾಸಿಗೆಯಲ್ಲೇ ಇದ್ದರು. ಮೊದಲನೇ ವಾರದಲ್ಲೇ ನನಗೆ ಈ ವಚನ ಬಂತು. ಮೊಬೈಲ್‌ನಲ್ಲಿ ಕಳಿಸಿದವರಿದ್ದರು, ಕಾರ್ಡ್ ತಂದು ಕೊಟ್ಟವರಿದ್ದರು. ನಾನೂ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವರ ಹಾಸಿಗೆಯ ಎದುರಿನ ಗೋಡೆಗೆ ಅಂಟಿಸಿದೆ. ಇನ್ನೇನು ಎರಡು ತಿಂಗಳು, ಮೂರು ತಿಂಗಳು ಎಂದುಕೊಂಡೆ. ಮೂರು ತಿಂಗಳು ಕಳೆದಾಗ ಆರು ಎಂದುಕೊಂಡೆ. ವರ್ಷ ತುಂಬಿತು. ಕಾಗದದ ಅಂಚು ಸುರುಟಿಕೊಂಡಿತು. ಅವರ ಕೈ ಹಾಗೇ ಇತ್ತು.

ಒಂದು ದಿನ ಪ್ರಾರ್ಥನೆಗೆ ಬಂದಿದ್ದ ಹಿರಿಯರೊಬ್ಬರು ಹೊರಡುವಾಗ ಬಾಗಿಲ ಬಳಿ ನಿಂತು ಮೆಲ್ಲಗೆ ಹೇಳಿದರು: "ಅಮ್ಮಾ, ವಿಶ್ವಾಸ ಗಟ್ಟಿ ಇದ್ದರೆ ಇಷ್ಟು ಹೊತ್ತಿಗೆ ಅವರು ಎದ್ದು ಕೂರಬೇಕಿತ್ತು." ಅಂದಿನಿಂದ ನಾನು ಅವರ ಮಾತ್ರೆ ಎಣಿಸಿದ ಹಾಗೆ ನನ್ನ ವಿಶ್ವಾಸವನ್ನೂ ಎಣಿಸತೊಡಗಿದೆ. ಬೆಳಿಗ್ಗೆ ಎಷ್ಟಿತ್ತು, ಸಂಜೆಗೆ ಎಷ್ಟು ಉಳಿಯಿತು? ಎಲ್ಲಿ ಸೋರಿತು? ರೋಗಿಯನ್ನು ನೋಡಿಕೊಳ್ಳುವ ಕೆಲಸಕ್ಕಿಂತ ಇದು ಜಾಸ್ತಿ ಆಯಾಸ ಮಾಡಿತು.

ಹಾಸಿಗೆ ಹುಣ್ಣು ಆಗಬಾರದೆಂದು ಎರಡು ಗಂಟೆಗೊಮ್ಮೆ ಅವರನ್ನು ಮಗ್ಗುಲು ಬದಲಿಸಿ ಮಲಗಿಸಬೇಕಿತ್ತು, ರಾತ್ರಿಯೂ. ಅಂಥ ಒಂದು ರಾತ್ರಿ, ಎರಡು ಗಂಟೆಗೆ ಮಗ್ಗುಲು ಬದಲಿಸಿದ ಮೇಲೆ ನಿದ್ದೆ ಬರಲಿಲ್ಲ. ಗೋಡೆಯ ಮೇಲಿನ ಆ ಒಂದು ವಚನ ಬಿಟ್ಟರೆ ಯೆರೆಮೀಯನ ಪುಸ್ತಕ ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಸತ್ಯವೇದ ತೆಗೆದು 27ನೇ ಅಧ್ಯಾಯದಿಂದ ಓದಿಕೊಂಡು ಹೋದೆ. ನಾಲ್ಕು ಗಂಟೆಯ ಹೊತ್ತಿಗೆ ನನ್ನ ಎದೆಯ ಮೇಲಿದ್ದ ಒಂದು ಕಲ್ಲು ಇಳಿದಿತ್ತು.

ಸಂಪಾದಕರೇ, ಆ 29ನೇ ಅಧ್ಯಾಯವೂ ಒಂದು ಪತ್ರವೇ. ಯೆರೂಸಲೇಮಿನಲ್ಲಿದ್ದ ಪ್ರವಾದಿ ಯೆರೆಮೀಯ ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆಹೂದದ ಅರಸನನ್ನು, ರಾಜಮಾತೆಯನ್ನು, ಕಮ್ಮಾರರನ್ನು, ಕೆಲಸಬಲ್ಲವರನ್ನೆಲ್ಲ ಹಿಡಿದುಕೊಂಡು ಹೋಗಿದ್ದ. ಪತ್ರ ಒಯ್ದವರ ಹೆಸರೂ ಮೂರನೇ ವಚನದಲ್ಲಿದೆ. ಹಾಗೆ ಹೋದವರಿಗೆ ಒಂದೇ ಚಿಂತೆ: ವಾಪಸು ಹೋಗುವುದು ಯಾವಾಗ?

ಅದಕ್ಕೆ ಸಿಹಿಯಾದ ಉತ್ತರ ಕೊಟ್ಟವನು ಇನ್ನೊಬ್ಬ. ಅವನ ಹೆಸರು ಹನನ್ಯ. 28ನೇ ಅಧ್ಯಾಯದಲ್ಲಿ ಬರುತ್ತಾನೆ. ಎರಡೇ ವರ್ಷದಲ್ಲಿ ಎಲ್ಲರೂ ಹಿಂದಿರುಗುತ್ತಾರೆ ಎಂದು ದೇವಾಲಯದಲ್ಲಿ ಎಲ್ಲರ ಮುಂದೆ ಸಾರುತ್ತಾನೆ, ಅದೂ ದೇವರ ಹೆಸರಿನಲ್ಲಿ. ಯೆರೆಮೀಯ ಮೊದಲು ಏನು ಹೇಳಿದ ಗೊತ್ತಾ? ಆಮೆನ್, ಕರ್ತನು ಹಾಗೇ ಮಾಡಲಿ ಎಂದ. ಈ ಆಮೆನ್ ನನಗೆ ಬಹಳ ಇಷ್ಟ. ಜನರ ದುಃಖ ಬೇಗ ಮುಗಿಯಲಿ ಎಂದು ಅವನಿಗೂ ಆಸೆ ಇತ್ತು. ಆದರೆ ಆಸೆ ಬೇರೆ, ದೇವರು ಹೇಳಿದ ಮಾತು ಬೇರೆ. ಬಾಬೆಲಿನ ಅರಸನಿಗೆ ತಲೆಬಾಗಬೇಕು ಎನ್ನುವುದರ ಗುರುತಾಗಿ ಯೆರೆಮೀಯ ಹೆಗಲ ಮೇಲೆ ಹೊತ್ತಿದ್ದ ಮರದ ನೊಗವನ್ನು ಹನನ್ಯನು ತೆಗೆದು ಮುರಿದುಹಾಕಿದ. ಆಮೇಲೆ ದೇವರ ಮಾತು ಬಂತು: ನೀನು ಮರದ ನೊಗ ಮುರಿದೆ, ಅದರ ಬದಲು ಕಬ್ಬಿಣದ ನೊಗ ಬರುತ್ತದೆ.

ಗೋಡೆಯ ಮೇಲಿದ್ದ ವಚನವನ್ನು ನಾನು ವರ್ಷಗಟ್ಟಲೆ ಹನನ್ಯನ ಬಾಯಿಂದ ಕೇಳುತ್ತಿದ್ದೆ. ಯೆರೆಮೀಯನ ಪತ್ರ ಹೇಳುವುದು ಬೇರೆಯೇ. ಮನೆ ಕಟ್ಟಿಕೊಂಡು ವಾಸಮಾಡಿ. ತೋಟ ಮಾಡಿ, ಅದರ ಫಲ ತಿನ್ನಿ. ಮದುವೆಯಾಗಿ, ಮಕ್ಕಳನ್ನು ಹೆರಿ, ಅವರಿಗೂ ಮದುವೆ ಮಾಡಿ. ನಿಮ್ಮನ್ನು ಒಯ್ದಿಟ್ಟ ಆ ಪಟ್ಟಣದ ಒಳಿತನ್ನು ಬಯಸಿ, ಅದಕ್ಕಾಗಿ ಪ್ರಾರ್ಥಿಸಿ. ಇದೆಲ್ಲ ಆದ ಮೇಲೆ 10ನೇ ವಚನ: 70 ವರ್ಷ ತುಂಬಿದ ಮೇಲೆ ನಿಮ್ಮನ್ನು ತಿರುಗಿ ಕರೆತರುತ್ತೇನೆ. ಆಮೇಲೆ 11.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಆ ಪತ್ರ ಕೇಳಿಸಿಕೊಂಡ 30 ವರ್ಷದ ಹೆಂಗಸು ವಾಪಸು ಹೋಗುವುದಿಲ್ಲ. ಅವಳ ಮೊಮ್ಮಕ್ಕಳು ಹೋಗುತ್ತಾರೆ. ಅವಳಿಗೆ ದೇವರು ಕೊಟ್ಟದ್ದು ಹಿಂದಿರುಗುವ ದಿನವನ್ನಲ್ಲ, ಇಲ್ಲೇ ಬದುಕು ಮಾಡು, ನಾನು ಮರೆತಿಲ್ಲ ಎನ್ನುವ ಮಾತನ್ನು. ಕನ್ನಡದಲ್ಲಿ ಓದುವ ನಮಗೆ ಇನ್ನೊಂದು ಸಂಗತಿಯೂ ಹೊಳೆಯಬೇಕಿತ್ತು. ನಮ್ಮ ಸತ್ಯವೇದದಲ್ಲಿ ದೇವರು ಒಬ್ಬರ ಹತ್ತಿರ ಮಾತಾಡುವಾಗ 'ನೀನು' ಎನ್ನುತ್ತಾನೆ. ಈ ವಚನದಲ್ಲಿ ಇರುವುದು 'ನಿಮ್ಮ'. ಅದು ಮರ್ಯಾದೆಯ 'ನಿಮ್ಮ' ಅಲ್ಲ, ಒಂದು ಇಡೀ ಜನಕ್ಕೆ ಹೇಳಿದ್ದು. ನಾನು ಅದನ್ನು ನನ್ನೊಬ್ಬಳ ಹೆಸರಿಗೆ ಬಂದ ಚೀಟಿ ಎಂದುಕೊಂಡು, ತಾರೀಕನ್ನೂ ನಾನೇ ಬರೆದುಕೊಂಡು ಕಾಯುತ್ತಿದ್ದೆ.

ಮರುದಿನ ಬೆಳಿಗ್ಗೆ ನಾನು ಅವರ ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಎಳೆದೆ. ಎರಡು ವರ್ಷದಿಂದ ಆಸ್ಪತ್ರೆಯ ಬ್ಯಾಗಿನಲ್ಲೇ ಇದ್ದ ಅವರ ಬಟ್ಟೆಗಳನ್ನು ತೆಗೆದು ಕಪಾಟಿನಲ್ಲಿ ಜೋಡಿಸಿದೆ. ಕಿಟಕಿಯಲ್ಲಿ ಎರಡು ಕುಂಡ ಇಟ್ಟೆ. ಎಡಗೈಯಿಂದ ನೀರು ಹಾಕುವುದು ಅವರ ಕೆಲಸ ಆಯಿತು. ಅರ್ಧ ನೀರು ಹೊರಗೆ ಚೆಲ್ಲುತ್ತಿತ್ತು, ಚೆಲ್ಲಲಿ. ಮನೆ ಕಟ್ಟಿ, ತೋಟ ಮಾಡಿ ಎಂಬ ಮಾತನ್ನು ನಾನು ಪಾಲಿಸಿದ್ದು ಹೀಗೆ. ಪಟ್ಟಣಕ್ಕಾಗಿ ಪ್ರಾರ್ಥಿಸಿ ಎಂದದ್ದನ್ನೂ ಬಿಡಲಿಲ್ಲ. ಅಲ್ಲಿಯವರೆಗೆ ಆಸ್ಪತ್ರೆಯ ಮೆಟ್ಟಿಲು ಕಂಡರೆ ಸಿಟ್ಟು ಬರುತ್ತಿತ್ತು. ಅಲ್ಲಿಂದ ಮುಂದೆ ಫಿಸಿಯೋಥೆರಪಿ ಮಾಡುವ ಹುಡುಗಿಗಾಗಿ, ನರ್ಸ್‌ಗಳಿಗಾಗಿ, ನಮ್ಮ ಹಾಗೇ ಬೆಂಚಿನ ಮೇಲೆ ಕಾಯುತ್ತಿದ್ದವರಿಗಾಗಿ ಪ್ರಾರ್ಥಿಸತೊಡಗಿದೆ. ಗೋಡೆಯ ಕಾಗದ ತೆಗೆದು ಹೊಸದು ಬರೆದೆ. ಈ ಸಾರಿ 4ರಿಂದ 14ನೇ ವಚನದವರೆಗೆ ಬರೆದೆ. ಎರಡು ಹಾಳೆ ಬೇಕಾಯಿತು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಹೇಳದೆ ಇರಲಾರೆ. ನನ್ನ ಯಜಮಾನರಿಗೆ ನೀರು ಬೇಕು ಎಂದು ಹೇಳಲು ಬರುತ್ತಿರಲಿಲ್ಲ. ನನ್ನ ಹೆಸರೂ ಬರುತ್ತಿರಲಿಲ್ಲ. ಆದರೆ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ 23ನೇ ಕೀರ್ತನೆಯನ್ನು ನಾನು ಶುರು ಮಾಡಿದರೆ ಸಾಕು, ಜೊತೆಗೆ ಹೇಳುತ್ತಿದ್ದರು. ಸ್ಟ್ರೋಕ್‌ನಲ್ಲಿ ಮಾತು ಹೋದರೂ ಕೆಲವರಲ್ಲಿ ಹಾಡು, ಬಾಯಿಪಾಠ, ಎಣಿಕೆ ಉಳಿದುಕೊಂಡಿರುತ್ತವೆ ಎಂದು ಸ್ಪೀಚ್ ಥೆರಪಿಯವರು ಹೇಳಿದರು. "ಯೆಹೋವನು ನನಗೆ ಕುರುಬನು" ಎಂದು ನಾನು ಎಂದ ಕೂಡಲೇ ಅವರ ಗಂಟಲು ಎಚ್ಚರಗೊಳ್ಳುತ್ತಿತ್ತು. ಒಂದೊಂದು ಸಾರಿ ಒಂದು ಪದ ತಪ್ಪುತ್ತಿತ್ತು, ನಾವು ಮತ್ತೆ ಮೊದಲಿನಿಂದ ಹೇಳುತ್ತಿದ್ದೆವು. ಆರೇ ವಚನ. ದಿನಕ್ಕೆ ಎರಡು ಸಾರಿ, ಅಷ್ಟೂ ವರ್ಷ.

ಹಾಗೆ ಹೇಳಿ ಹೇಳಿ ಒಂದು ದಿನ ನನ್ನ ಕಿವಿಗೆ ಬಿತ್ತು. ಹಸಿರುಗಾವಲು, ತಿಳಿನೀರು ಇರುವ ತನಕ ದಾವೀದನು ದೇವರನ್ನು 'ಆತನು' ಎಂದು ಹೇಳುತ್ತಾನೆ. ಆತನು ತಂಗಿಸುತ್ತಾನೆ, ಆತನು ನಡೆಸುತ್ತಾನೆ. ಕತ್ತಲಿನ ಕಣಿವೆಗೆ ಕಾಲಿಟ್ಟ ಕೂಡಲೇ 'ಆತನು' ಹೋಗಿ 'ನೀನು' ಬರುತ್ತದೆ. ನೀನು ನನ್ನ ಹತ್ತಿರ ಇದ್ದೀ. ಅಲ್ಲಿಯವರೆಗೆ ದೇವರ ಬಗ್ಗೆ ಮಾತಾಡುತ್ತಿದ್ದವನು ಕತ್ತಲಲ್ಲಿ ದೇವರ ಜೊತೆಗೇ ಮಾತಾಡುತ್ತಾನೆ. ಎಂದೋ ಕಲಿತಿದ್ದ ಕೀರ್ತನೆ, ಎಷ್ಟು ಸಲ ಹಾಡಿದ್ದೆ! ಮೊದಲ ವಚನವೊಂದನ್ನೇ ಕಾರ್ಡಿನ ಮೇಲೆ ನೋಡುತ್ತಿದ್ದರೆ ಇದು ನನಗೆ ಸಿಗುತ್ತಿತ್ತಾ? ನಾನು ಅವರ ಕಡೆ ತಿರುಗಿ "ಕೇಳಿಸಿತಾ?" ಎಂದೆ. ಅವರು ಎಡಗೈ ನನ್ನ ತಲೆಯ ಮೇಲೆ ಇಟ್ಟರು.

ಒಂದೇ ವಚನ ಯಾರಿಗೂ ಸಾಲದು ಎಂದು ನಾನು ಹೇಳುತ್ತಿಲ್ಲ. ಪುಸ್ತಕ ಎತ್ತಲೂ ಶಕ್ತಿ ಇಲ್ಲದ ದಿನ ಒಂದು ಸಾಲೇ ಊಟ. ಯೇಸು ಶಿಲುಬೆಯ ಮೇಲೆ ಕೂಗಿದ್ದೂ 22ನೇ ಕೀರ್ತನೆಯ ಮೊದಲ ಸಾಲನ್ನೇ: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ? ಆದರೆ ಆತನಿಗೆ ಆ ಕೀರ್ತನೆ ಪೂರ್ತಿ ಗೊತ್ತಿತ್ತು. ನಾವು ಓದುಗರಿಗೆ ಮೊದಲ ಸಾಲು ಕೊಟ್ಟು, ಉಳಿದದ್ದು ಇದೆ ಎನ್ನುವುದನ್ನೇ ಹೇಳದೆ ಹೋಗುತ್ತಿದ್ದೇವೆ.

ವಚನ ಕಿತ್ತು ಹೇಳುವುದರಿಂದ ಏನಾಗಬಹುದು ಎನ್ನುವುದಕ್ಕೆ ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯ ಸಾಕು. ದೇವಾಲಯದ ತುದಿಯಲ್ಲಿ ಸೈತಾನನು ಯೇಸುವಿಗೆ 91ನೇ ಕೀರ್ತನೆಯನ್ನೇ ಹೇಳುತ್ತಾನೆ. ಕೆಳಗೆ ಧುಮುಕು, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಎಂದು. ಕೀರ್ತನೆ ತೆಗೆದು ಪಕ್ಕದಲ್ಲಿಟ್ಟು ನೋಡಿ. ನಿನ್ನ ಎಲ್ಲ ಮಾರ್ಗಗಳಲ್ಲಿ ನಿನ್ನನ್ನು ಕಾಯುವರು ಎನ್ನುವ ತುಂಡು ಸೈತಾನನ ಬಾಯಲ್ಲಿ ಇಲ್ಲ. ನಡೆದು ಹೋಗುವ ದಾರಿಯಲ್ಲಿ ಕಾಯುತ್ತೇನೆ ಎಂದ ಮಾತನ್ನು ಅವನು ಗೋಪುರದಿಂದ ಹಾರುವುದಕ್ಕೆ ಹೊಂದಿಸಿಬಿಟ್ಟ. ಯೇಸು ಕೊಟ್ಟ ಉತ್ತರದಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ಪದ. ಹೀಗೂ ಬರೆದಿದೆ ಎನ್ನುತ್ತಾನೆ. ಆ 'ಊ' ಎನ್ನುವ ಅಕ್ಷರದಲ್ಲೇ ಎಲ್ಲ ಇದೆ. ಒಂದು ವಚನದ ಪಕ್ಕ ಇನ್ನೊಂದನ್ನು ಇಟ್ಟು ಓದುವುದು.

ಪರೀಕ್ಷೆ ಬರೆಯುವ ಮಕ್ಕಳಿಗೆ ಫಿಲಿಪ್ಪಿಯವರಿಗೆ ಬರೆದ ಪತ್ರದ 4:13 ಕೊಡುತ್ತೇವೆ. ನನ್ನನ್ನು ಬಲಪಡಿಸುವಾತನಿಂದ ನಾನು ಎಲ್ಲಕ್ಕೂ ಶಕ್ತನು ಎಂಬ ವಚನ. ಪೌಲನು ಅದನ್ನು ಬರೆದಾಗ ಸೆರೆಯಲ್ಲಿದ್ದ. ಹಿಂದಿನ ಸಾಲಿನಲ್ಲಿ ಹೊಟ್ಟೆ ತುಂಬಿರುವುದನ್ನೂ ಹಸಿದಿರುವುದನ್ನೂ ಕಲಿತಿದ್ದೇನೆ ಎನ್ನುತ್ತಾನೆ. ಗೆಲ್ಲುವ ಶಕ್ತಿ ಮಾತ್ರ ಅಲ್ಲ, ಹಸಿವೆಯಲ್ಲೂ ಇರುವ ಶಕ್ತಿ. ಫೇಲಾದ ಮಗುವಿಗೆ ಈ ವಚನ ಇನ್ನೂ ಜಾಸ್ತಿ ಬೇಕು, ಅಲ್ವಾ? ಆದರೆ ಆ ಮಗು ಆ ಹೊತ್ತಿಗೆ ವಚನ ಸುಳ್ಳಾಯಿತು ಎಂದುಕೊಂಡಿರುತ್ತದೆ.

ಅಧ್ಯಾಯ, ವಚನಗಳ ಅಂಕಿ ಹಾಕಿದವರು ಪ್ರವಾದಿಗಳೂ ಅಲ್ಲ, ಅಪೊಸ್ತಲರೂ ಅಲ್ಲ. ಈಗ ನಾವು ಬಳಸುವ ಅಧ್ಯಾಯಗಳ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ, ಇಂಗ್ಲೆಂಡಿನ ಆರ್ಚ್‌ಬಿಷಪ್ ಆಗಿದ್ದ ಸ್ಟೀಫನ್ ಲ್ಯಾಂಗ್ಟನ್ ಅವರಿಂದ. ಹೊಸ ಒಡಂಬಡಿಕೆಗೆ ಈಗಿನ ವಚನದ ಅಂಕಿಗಳನ್ನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕರು 1551ರಲ್ಲಿ ಹಾಕಿದರು. ಹುಡುಕಲು ಸುಲಭವಾಗಲಿ ಎಂದು ಇಟ್ಟ ಗುರುತುಗಳು ಅವು. ಅಲ್ಲಿ ಕತ್ತರಿ ಆಡಿಸಬಾರದು. ಪೌಲನ ಪತ್ರಗಳನ್ನು ಸಭೆಗಳಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಈ ಪತ್ರವನ್ನು ನೀವು ಓದಿದ ಮೇಲೆ ಲವೊದಿಕೀಯದ ಸಭೆಯಲ್ಲೂ ಓದಿಸಿ ಎಂದು ಕೊಲೊಸ್ಸೆಯವರಿಗೆ ಅವನೇ ಬರೆದಿದ್ದಾನೆ. ಒಂದು ಸಾಲು ಓದಿಸಿ ಎಂದಿಲ್ಲ.

ಅಂಕಣ ಬರೆಯುವವರಲ್ಲಿ ನನ್ನ ಬೇಡಿಕೆ ಒಂದೇ. ನಿಮ್ಮ ಓದುಗರಲ್ಲಿ ಈ ಹೊತ್ತು ಯಾರೋ ಒಬ್ಬಳು ಹಾಸಿಗೆಯ ಪಕ್ಕ ಕೂತು ಪತ್ರಿಕೆ ಬಿಡಿಸಿರುತ್ತಾಳೆ. ಅವಳಿಗೆ ಬೇಗ ಮುಗಿಯುತ್ತದೆ ಎಂದು ಹೇಳಬೇಡಿ, ಅದು ನಿಮಗೂ ಗೊತ್ತಿಲ್ಲ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡಿದ್ದ ಯೋಬನ ಗೆಳೆಯರು ಬಾಯಿ ಬಿಡುವ ಮೊದಲು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರು. ಅವರು ಮಾಡಿದ್ದರಲ್ಲಿ ಒಳ್ಳೆಯದು ಅದೇ. ಹಾಗೆ ಕೂರಲು ಪತ್ರಿಕೆಯಲ್ಲಿ ಆಗದು, ಒಪ್ಪುತ್ತೇನೆ. ಆದರೆ ಪೂರ್ತಿ ಭಾಗವನ್ನು ಓದಿಸಲು ಆಗುತ್ತದೆ. ವಿವರಣೆ ನಾಲ್ಕು ಸಾಲು ಕಡಿಮೆಯಾದರೂ ಪರವಾಗಿಲ್ಲ.

ಮುಂದೆ ಯಾವಾಗಲಾದರೂ ಯೆರೆಮೀಯ 29:11 ಹಾಕುವುದಿದ್ದರೆ ದಯವಿಟ್ಟು 4ನೇ ವಚನದಿಂದ ಶುರು ಮಾಡಿ. ಅಷ್ಟು ಜಾಗ ಇಲ್ಲದಿದ್ದರೆ 10ನೇ ವಚನ ಒಂದನ್ನಾದರೂ ಅದರ ಮೇಲೆ ಸೇರಿಸಿ.

ನಿಮ್ಮ ಓದುಗರಲ್ಲಿ ಒಬ್ಬಳು