ಹಿಮಗೂಬೆಯ ಕುರಿತು ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರೇ,

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ತೆಗೆದ ಬಿಳಿ ಮುಖದ ಗೂಬೆಯ ಚಿತ್ರಗಳನ್ನು ‘ಹಿಮಗೂಬೆ’ ಎಂದು ಗುಂಪಿಗೆ ಕಳುಹಿಸಲಾಗುತ್ತಿದೆ. ಅದು ಕಣಜಗೂಬೆ, ಅದರ ಕಣ್ಣು ಕಪ್ಪು. ಹಿಮಗೂಬೆಯ ಕಣ್ಣು ಹಳದಿ, ಗಾತ್ರವೂ ಬಹಳ ದೊಡ್ಡದು.

ಹಿಮಗೂಬೆಯು ಉತ್ತರ ಧ್ರುವದ ಸುತ್ತಲಿನ ಮರಗಳಿಲ್ಲದ ಟಂಡ್ರಾ ಬಯಲಿನಲ್ಲಿ, ನೆಲದ ದಿಬ್ಬವೊಂದರ ಮೇಲೆ ಹೆಣ್ಣು ಕೆರೆದು ಮಾಡಿದ ಕುಳಿಯಲ್ಲಿ ಮೊಟ್ಟೆಯಿಡುತ್ತದೆ. ಲೆಮಿಂಗ್ ಎಂಬ ಇಲಿಯಂಥ ಸಣ್ಣ ಪ್ರಾಣಿಗಳು ಹೇರಳವಾಗಿರುವ ವರ್ಷ ಹತ್ತರವರೆಗೂ ಮೊಟ್ಟೆಯಿಡುವ ಈ ಹಕ್ಕಿ, ಅವು ವಿರಳವಾದ ವರ್ಷ ಗೂಡು ಕಟ್ಟದೆಯೂ ಇರಬಹುದು. ಮೊದಲ ಮೊಟ್ಟೆಯಿಂದಲೇ ಕಾವು ಆರಂಭವಾಗುವುದರಿಂದ ಒಂದೇ ಗೂಡಿನ ಮರಿಗಳ ವಯಸ್ಸಿನಲ್ಲಿ ಹಲವು ದಿನಗಳ ಅಂತರವಿರುತ್ತದೆ. ಸುಮಾರು 32 ದಿನ ಹೆಣ್ಣು ಕಾವಿಗೆ ಕೂತರೆ, ಗಂಡು ಆಹಾರ ತರುತ್ತದೆ. ಬೇಸಿಗೆಯಲ್ಲಿ ಸೂರ್ಯ ಮುಳುಗದ ಆ ನಾಡಿನಲ್ಲಿ ಅದು ಹಗಲಲ್ಲೇ ಬೇಟೆಯಾಡುತ್ತದೆ (ಗೂಬೆ ನಿಶಾಚರಿ ಎಂಬ ನಮ್ಮ ಪಾಠ ಅಲ್ಲಿ ನಡೆಯದು). ವಯಸ್ಕ ಗಂಡು ಬಹುತೇಕ ಅಚ್ಚ ಬಿಳಿ, ಹೆಣ್ಣಿಗೆ ಕಂದು ಪಟ್ಟೆಗಳು. 2017ರಿಂದ ಹಿಮಗೂಬೆಯು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ‘ಅಪಾಯಕ್ಕೀಡಾಗಬಲ್ಲ’ (Vulnerable) ಜಾತಿಯಾಗಿದೆ.

ಇನ್ನು ಮುಂದೆ ಕಣ್ಣಿನ ಬಣ್ಣವನ್ನು ಪರಿಶೀಲಿಸಿ, ಸ್ಥಳದ ಹೆಸರಿನೊಡನೆ ಚಿತ್ರ ಕಳುಹಿಸಬೇಕಾಗಿ ಕೋರುತ್ತೇನೆ.