ಅಡ್ಡಿಲ್ಲೆ ಅನ್ನುವ ಮೊದಲು

ರೋಟರ್‌ಡ್ಯಾಮ್
ಜನವರಿ, ಭಾನುವಾರ

ತೀರ್ಥರೂಪ ಅಪ್ಪಯ್ಯನಿಗೂ ಆಯಿಗೂ ನಿಮ್ಮ ಕೂಸಿನ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಈ ಸಾಲು ಬರೆಯುವಾಗ ನಗು ಬಂತು. ಅಜ್ಜ ಇನ್‌ಲ್ಯಾಂಡ್ ಲೆಟರನ್ನು ಹೀಗೇ ಶುರು ಮಾಡುತ್ತಿದ್ದ. ದಿನಾ ವಿಡಿಯೋ ಕಾಲಿನಲ್ಲಿ ಮುಖ ಕಾಣುತ್ತದೆ, ಮತ್ತೆ ಪತ್ರ ಯಾಕೆ ಅಂತ ಆಯಿ ಕೇಳುತ್ತಾಳೆ, ಗೊತ್ತು. ಕಾಲಿನಲ್ಲಿ ನಾನು ಮಾತು ತೆಗೆದರೆ ಆಯಿ "ಊಟ ಆತಾ" ಅನ್ನುತ್ತಾಳೆ, ಅಪ್ಪಯ್ಯ ಚಾಲಿ ಅಡಿಕೆ ರೇಟು ಹೇಳುತ್ತಾನೆ, ಅಷ್ಟರಲ್ಲಿ ನೆಟ್‌ವರ್ಕ್ ಹೋಗಿರುತ್ತದೆ. ಇವತ್ತು ಹೇಳುವುದು ಸ್ವಲ್ಪ ಉದ್ದ ಇದೆ. ಹೊರಗೆ ಸಣ್ಣ ಮಳೆ. ಬೆಳಗ್ಗೆ ಎಂಟೂವರೆ ಆದರೂ ಬೆಳಕು ಹರಿಯುವುದಿಲ್ಲ ಇಲ್ಲಿ. ಪತ್ರ ಬರೆಯಲಿಕ್ಕೆ ಹೇಳಿ ಮಾಡಿಸಿದ ಹವೆ.

ಮಾಣಿ ಮೊನ್ನೆ ಫೋನ್ ಮಾಡಿದ್ದ. ಬೆಂಗಳೂರಿನ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತಲ್ಲ, ರಾತ್ರಿ ಹನ್ನೊಂದಕ್ಕೂ ಆಫೀಸಿನ ಕೆಲಸ ಮಾಡುತ್ತಾ ಕೂತಿದ್ದ. ಅದರಲ್ಲಿ ಅರ್ಧ ಅವನದಲ್ಲವಂತೆ. ಯಾರು ಕೇಳಿದರೂ ಹೂಂ ಅಂದಿದ್ದಾನೆ. ಆಯಿ, ನೀನು ಅವನಿಗೆ "ದೊಡ್ಡವರಿಗೆ ಎದುರು ಮಾತಾಡಡ, ಹೊಂದ್ಕಂಡು ಹೋಗು" ಅಂದೆಯಂತೆ. ಅಲ್ಲಿರುವ ಭಾವ ಇನ್ನೊಂದು ವಿದ್ಯೆ ಕಲಿಸಿದ್ದಾನೆ. ಬಾಸ್ ಚಾ ಕುಡಿಯಲು ಎದ್ದರೆ ನೀನೂ ಏಳು, ಅವನು ಕೂತ ಹಾಗೇ ಕೂರು, ಅವನ ಮಾತನ್ನೇ ತಿರುಗಿಸಿ ಹೇಳು, ಏನಾದರೂ ಕೇಳುವ ಮೊದಲು ಎರಡು ಹೊಗಳಿಕೆ ಹಾಕು. ಮಾಣಿ ಕೇಳಿದ, "ಅಕ್ಕಾ, ಯಾವ್ದು ಸರಿ?"

ಎರಡನ್ನೂ ಮಾಡಿ ಕೈ ಸುಟ್ಟುಕೊಂಡವಳು ನಾನು. ನಿಮಗೆ ಹೇಳಿರಲಿಲ್ಲ ಅಷ್ಟೆ.

ನಮ್ಮ ಕಡೆ ಎಲ್ಲದಕ್ಕೂ "ಅಡ್ಡಿಲ್ಲೆ" ತಾನೇ. ಕಷಾಯಕ್ಕೆ ಸಿಹಿ ಸಾಕಾ ಅಂದರೆ ಅಡ್ಡಿಲ್ಲೆ. ಕಾಲು ಉಳುಕಿಸಿಕೊಂಡು ಕೂತವನನ್ನು ಹೇಗಿದ್ದೀಯಾ ಅಂದರೂ ಅಡ್ಡಿಲ್ಲೆ. ಆ ಮಾತನ್ನು ನಾನು ಇಲ್ಲಿಗೂ ಕಟ್ಟಿಕೊಂಡು ಬಂದೆ. ಇಲ್ಲಿ ಅದಕ್ಕೆ "ನೋ ಪ್ರಾಬ್ಲಂ" ಅನ್ನುತ್ತಿದ್ದೆ.

ನನ್ನ ಕೆಲಸ ಗೊತ್ತಲ್ಲ, ತಂಪು ಕಂಟೇನರುಗಳು ಯಾವ ಹೊತ್ತಿಗೆ ಎಲ್ಲಿ ಇಳಿಯಬೇಕು, ಯಾವ ಲಾರಿ ಹತ್ತಬೇಕು ಅಂತ ಹೊಂದಿಸುವುದು. ಈ ಬಂದರು ಯುರೋಪಿಗೇ ದೊಡ್ಡದು. ಉದ್ದ 40 ಕಿಲೋಮೀಟರಿಗೂ ಜಾಸ್ತಿ, ಶಿರಸಿಯಿಂದ ಸಿದ್ದಾಪುರ ಮುಟ್ಟಿದರೂ ಮುಗಿಯುವುದಿಲ್ಲ. ಕಾರವಾರದ ಬಂದರು ನೋಡಿದ ಕಣ್ಣಿಗೆ ಇದೊಂದು ಬೇರೆ ಊರೇ. ಇಲ್ಲಿಗೆ ದಕ್ಷಿಣ ಅಮೆರಿಕದಿಂದ ಬಾಳೆಹಣ್ಣು ಬರುತ್ತದೆ. ಹಣ್ಣಲ್ಲ, ಹಸಿರು ಕಾಯಿ. ಅದನ್ನು 13–14 ಡಿಗ್ರಿಯಲ್ಲಿ ಇಡಬೇಕು. ಅದಕ್ಕಿಂತ ತಂಪಾದರೆ ಸಿಪ್ಪೆ ಕಪ್ಪಾಗುತ್ತದೆ, ಬೆಚ್ಚಗಾದರೆ ಹಣ್ಣಾಗಲು ಶುರು. ಒಂದು ಪೆಟ್ಟಿಗೆ ಹಣ್ಣಾಯಿತೋ, ಅದರಿಂದ ಬರುವ ಅನಿಲಕ್ಕೆ ಪಕ್ಕದ್ದೂ ಹಣ್ಣಾಗುತ್ತದೆ. ನಮ್ಮನೆ ಅಟ್ಟದ ಮೇಲೆ ಗೊನೆ ಇಟ್ಟು ಹೊಗೆ ಹಾಕಿದಾಗ ಆಗುವುದೂ ಅದೇ. ಅಲ್ಲಿ ನಮಗೆ ಬೇಕಾಗಿ ಮಾಡುತ್ತೇವೆ, ಇಲ್ಲಿ ಹಾಗಾದರೆ ನಷ್ಟ. ಆದ್ದರಿಂದ ಕಂಟೇನರು ನೆಲಕ್ಕೆ ಇಳಿದ ಕೂಡಲೇ ಕರೆಂಟಿನ ಪ್ಲಗ್ಗಿಗೆ ಹಾಕಬೇಕು.

ಎರಡು ವರ್ಷದ ಹಿಂದೆ, ಒಂದು ಶುಕ್ರವಾರ ಸಂಜೆ, ಮ್ಯಾನೇಜರ್ ಬಂದು ಕೇಳಿದಳು, "ಈ ಆರು ಕಂಟೇನರು ನಾಳೆಯೇ ಇಳಿಯಬೇಕು, ಪ್ಲಗ್ಗಿಗೆ ಜಾಗ ಇದೆಯಾ?" ಜಾಗ ಇರಲಿಲ್ಲ. ನನ್ನೆದುರಿನ ಪರದೆಯಲ್ಲೇ ಕೆಂಪು ಬಣ್ಣದಲ್ಲಿ ಕಾಣುತ್ತಿತ್ತು. ಆದರೂ ಬಾಯಿಂದ ಬಂದದ್ದು "ನೋ ಪ್ರಾಬ್ಲಂ". ರಾತ್ರಿ ಹೇಗಾದರೂ ಮಾಡಿ ಹೊಂದಿಸುತ್ತೇನೆ ಅಂದುಕೊಂಡಿದ್ದೆ. ರಾತ್ರಿ ಒಂದು ಗಂಟೆಯವರೆಗೆ ಫೋನ್ ಮಾಡಿದೆ. ನಾಲ್ಕು ಕಂಟೇನರಿಗೆ ಜಾಗ ಸಿಕ್ಕಿತು, ಎರಡಕ್ಕೆ ಸಿಗಲಿಲ್ಲ. ಆ ಎರಡರಲ್ಲಿ ಎರಡು ಸಾವಿರ ಪೆಟ್ಟಿಗೆ ಕಾಯಿ. ಸೋಮವಾರ ಬಾಗಿಲು ತೆಗೆದಾಗ ಘಮ್ಮಂತ ವಾಸನೆ ಬಂತಂತೆ. ಮನೆಯಲ್ಲಾದರೆ ಖುಷಿಯ ವಾಸನೆ ಅದು.

ಬೈಗುಳಕ್ಕೆ ತಯಾರಾಗಿ ಹೋದೆ. ಅವಳು ಬೈಯಲಿಲ್ಲ, ಅದೇ ಕಷ್ಟವಾಯಿತು. "ಜಾಗ ಇಲ್ಲದ್ದು ನಿನ್ನ ತಪ್ಪಲ್ಲ. ಇಲ್ಲ ಅಂತ ಶುಕ್ರವಾರವೇ ಹೇಳಿದ್ದರೆ ಬೇರೆ ಟರ್ಮಿನಲ್ಲಿಗೆ ಕಳಿಸುತ್ತಿದ್ದೆ. ಯಾಕೆ ಹೇಳಲಿಲ್ಲ?" ಅಂದಳು. ನನ್ನಲ್ಲಿ ಉತ್ತರ ಇರಲಿಲ್ಲ. ಸೈಕಲ್ಲಿನಲ್ಲಿ ಮನೆಗೆ ಬರುವಾಗ ಹೊಳೆಯಿತು. ನಾನು ಹೂಂ ಅಂದದ್ದು ಅವಳಿಗೆ ಸಹಾಯ ಆಗಲಿ ಅಂತಲ್ಲ. ಅವಳು ನನ್ನನ್ನು ಒಳ್ಳೆಯವಳು ಅಂದುಕೊಳ್ಳಲಿ ಅಂತ.

ಅದಾದ ಮೇಲೆ ನಾನು ಜಾಣೆಯಾಗಲು ಹೊರಟೆ. ಭಾವನ ವಿದ್ಯೆಯನ್ನು ನಾನೂ ಯೂಟ್ಯೂಬಿನಲ್ಲಿ ಕಲಿತೆ. ಅದರ ಕಥೆ ಕೇಳು ಆಯಿ, ನಿನ್ನ ತೊಡೆದೇವು ಇದರಲ್ಲಿ ಬರುತ್ತದೆ.

ಪಕ್ಕದ ಮೇಜಿನಲ್ಲಿ ಡಚ್ಚಿನವನೊಬ್ಬ ಇದ್ದಾನೆ, ಆರಡಿ ಮೇಲೆ ನಾಲ್ಕಿಂಚು. ಅವನ ಹತ್ತಿರ ಒಂದು ಶನಿವಾರದ ಪಾಳಿ ಬದಲಾಯಿಸಿಕೊಳ್ಳಬೇಕಿತ್ತು. ಮೂರು ದಿನ ಮೊದಲೇ ಹೊಗಳಿಕೆ ಶುರು ಮಾಡಿದೆ. ಅವನ ಹೊಸ ಸೈಕಲ್ ಚಂದ, ಅವನ ಮಗಳ ಫೋಟೋ ಚಂದ. ಗುರುವಾರ ತೊಡೆದೇವಿನ ಡಬ್ಬಿ ತೆಗೆದುಕೊಂಡು ಹೋದೆ. ಮಡಿಕೆ ಕವುಚಿ ಹಾಕಿ, ಕಬ್ಬಿನ ಹಾಲು ಮತ್ತು ಅಕ್ಕಿ ಹಿಟ್ಟು ಬಳಿದು, ಕಾಗದದಷ್ಟು ತೆಳ್ಳಗೆ ಎಬ್ಬಿಸುವುದನ್ನು ಅಭಿನಯ ಮಾಡಿ ತೋರಿಸಿದೆ. ಅವನು ಒಂದು ಮುರಿದ. ಅರ್ಧ ಬಾಯಿಗೆ ಹೋಯಿತು, ಅರ್ಧ ಪುಡಿಯಾಗಿ ಕೀಬೋರ್ಡಿನ ಸಂದಿಗೆ ಹೋಯಿತು. ನಿಧಾನಕ್ಕೆ ಅಗಿದು ನುಂಗಿ, "ಬಹಳ ಚೆನ್ನಾಗಿದೆ. ಶನಿವಾರ ಬೇಕಿತ್ತಾ?" ಅಂದ.

ನನ್ನ ಮುಖ ಬಿಸಿಯಾಯಿತು. "ಹೌದು" ಅಂದೆ. "ಆ ಶನಿವಾರ ನನಗೆ ಆಗುವುದಿಲ್ಲ. ಮುಂದಿನದ್ದು ಆಗುತ್ತದೆ. ಇನ್ನೊಮ್ಮೆ ಸೋಮವಾರವೇ ಕೇಳಿಬಿಡು" ಅಂದು ಇನ್ನೊಂದು ತೊಡೆದೇವು ತೆಗೆದುಕೊಂಡ. ಅವನಿಗೆ ಏನೂ ಅನ್ನಿಸಲಿಲ್ಲ. ನನಗೆ ಮಾತ್ರ, ಆಯಿ ಇಡೀ ಮಧ್ಯಾಹ್ನ ಬೆಂಕಿ ಮುಂದೆ ಕೂತು ಮಾಡಿದ್ದನ್ನು ಲಂಚಕ್ಕೆ ಬಳಸಿದೆನಲ್ಲ ಅಂತ ಎರಡು ದಿನ ಕಸಿವಿಸಿ.

ಇಲ್ಲಿನವರನ್ನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಇವರ ನೇರ ಮಾತು ಎಷ್ಟೋ ಸಲ ಬರೀ ಒರಟುತನ. ಒಬ್ಬಳು ನಾಲ್ಕು ಜನರ ಮುಂದೆ "ನಿನ್ನ ವರದಿ ಬೋರಾಗಿತ್ತು" ಅಂದಿದ್ದಳು. ಹೀಗಲ್ಲ, ಹಾಗೆ ಬರಿ ಅಂತ ಏನೂ ಹೇಳಲಿಲ್ಲ, ಬೋರು ಅಷ್ಟೆ. ಅದನ್ನು ಕಲಿತು ಮಾಣಿಗೆ ದಾಟಿಸುವ ಆಸೆ ನನಗಿಲ್ಲ.

ಆದರೆ ಆಫೀಸಿನ ತರಬೇತಿಯಲ್ಲಿ ಕೇಳಿದ ಒಂದು ಘಟನೆ ಮಾತ್ರ ತಲೆಯಿಂದ ಹೋಗಿಲ್ಲ. 1977ರ ಮಾರ್ಚ್ 27, ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪ. ರನ್‌ವೇ ತುಂಬಾ ಮಂಜು. ಡಚ್ ವಿಮಾನದ ಕ್ಯಾಪ್ಟನ್ ಬಹಳ ಹಿರಿಯ, ಬೇರೆ ಪೈಲಟ್‌ಗಳಿಗೆ ಪಾಠ ಹೇಳುವವನು. ಹೊರಡಲು ಅಪ್ಪಣೆ ಸಿಗುವ ಮೊದಲೇ ವಿಮಾನ ಓಡಿಸಿದ. ಹಿಂದೆ ಕೂತ ಫ್ಲೈಟ್ ಎಂಜಿನಿಯರನಿಗೆ ಅನುಮಾನ ಬಂತು. ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವಾ ಅಂತ ಕೇಳಿದ. ಬಿಟ್ಟಿದೆ ಅಂತ ಕ್ಯಾಪ್ಟನ್ ಗಟ್ಟಿಯಾಗಿ ಅಂದ. ಇವನು ಸುಮ್ಮನಾದ. ಎರಡು ಜಂಬೋ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಚಿಕ್ಕವರು ದೊಡ್ಡವರಿಗೆ ತಡೆದು ಹೇಳುವುದನ್ನೂ, ದೊಡ್ಡವರು ಅದನ್ನು ಕೇಳಿಸಿಕೊಳ್ಳುವುದನ್ನೂ ಪೈಲಟ್‌ಗಳಿಗೆ ಪಾಠ ಮಾಡಿ ಕಲಿಸಲು ಈ ಅಪಘಾತವೂ ಒಂದು ದೊಡ್ಡ ಕಾರಣ. ನಮ್ಮದು ಬಾಳೆಕಾಯಿ ವ್ಯವಹಾರ, ಯಾರೂ ಸಾಯುವುದಿಲ್ಲ. ಆದರೂ "ಎದುರು ಮಾತಾಡಡ" ಅಂತ ಯಾರಾದರೂ ಅಂದರೆ ಈಗ ನನಗೆ ಆ ಎಂಜಿನಿಯರನೇ ನೆನಪಾಗುತ್ತಾನೆ.

ಆ ತರಬೇತಿ ಮುಗಿಸಿ ಬರುವಾಗ ಇನ್ನೊಬ್ಬನೂ ನೆನಪಾದ. ಅಡಿಕೆ ಮರ ಹತ್ತಿ ಕೊನೆ ಇಳಿಸುವ ನಮ್ಮ ಕೊನೆಗೌಡ.

ಅಪ್ಪಯ್ಯ, ನಿನಗೆ ನೆನಪಿದೆಯಾ? ನಾನು ಏಳನೇ ಕ್ಲಾಸು. ದೀಪಾವಳಿ ಕಳೆದಿತ್ತು, ಹಿಂದಿನ ರಾತ್ರಿ ಅಕಾಲದ ಮಳೆ. ನೀನು ಅಡಿಕೆ ಸುಲಿಯುವವರಿಗೆಲ್ಲ ಹೇಳಿಬಿಟ್ಟಿದ್ದೆ. ಹಂಡೆ ಒಲೆ ಮೇಲೆ ಕೂತಿತ್ತು, ಕಟ್ಟಿಗೆ ಒಟ್ಟಿತ್ತು. ಕೊನೆಗೌಡ ಬಂದವನು ಮೊದಲು ಮರದ ಮೈ ಸವರಿದ. ಉಗುರಲ್ಲಿ ಹಾವಸೆ ಕೆರೆದು ನೋಡಿದ. ತಲೆ ಎತ್ತಿ ತುದಿ ನೋಡಿದ. "ಇವತ್ತಾಗೂದಿಲ್ರ ಹೆಗಡೇರೆ. ಮರ ಒದ್ದೆ ಅದೆ" ಅಂದ. ನೀನು ಹತ್ತು ಜನರಿಗೆ ಹೇಳಾಗಿದೆ ಮಾರಾಯ ಅಂತ ಗೊಣಗಿದೆ. ಅವನು ದನಿ ಏರಿಸಲಿಲ್ಲ, ತಪ್ಪಾಯ್ತು ಅಂತಲೂ ಅನ್ನಲಿಲ್ಲ. "ಆ ಮೂಲೆ ಎಂಟು ಮರ ಬಿಸಲಿಗೆ ಅವೆ. ಹತ್ತು ಗಂಟೆ ಮೇಲೆ ಅವನ್ನ ಇಳಿಸಿ ಕೊಡ್ತೆ. ಉಳಿದದ್ದು ನಾಳೆ." ಅಷ್ಟು ಹೇಳಿ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಕವಳ ಹಾಕಿದ. ನೀನೂ ಪಕ್ಕದಲ್ಲಿ ಕೂತು ಹಾಕಿದೆ.

50 ಅಡಿ ಮೇಲೆ ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಬಗ್ಗಿ ದಾಟುವವನು ಅವನು. ಹೆದರಿಕೆಯಿಂದ ಬೇಡ ಅಂದನಾ? ಅಲ್ಲ. ಅವನಿಗೆ ಮರ ಗೊತ್ತು, ಆದ್ದರಿಂದ ಬೇಡ ಅಂದ. ನಿನಗೂ ಅದು ಗೊತ್ತಿತ್ತು, ಆದ್ದರಿಂದ ಸಿಟ್ಟು ಕವಳ ಮುಗಿಯುವುದರೊಳಗೆ ಇಳಿಯಿತು. ನಿನ್ನನ್ನು ಹೊಗಳಿದ್ದಾಗಲಿ, ನಿನ್ನ ಮುಂದೆ ಕುಗ್ಗಿದ್ದಾಗಲಿ ಅವನ ಮಾತಿನಲ್ಲಿ ಇರಲಿಲ್ಲ.

ಆಯಿ ಇಲ್ಲಿ ಒಂದು ತಕರಾರು ತೆಗೆಯುತ್ತಾಳೆ, ನನಗೆ ಗೊತ್ತು. "ಕೊನೆಗೌಡ ಸಿಗುವುದೇ ಕಷ್ಟ, ಅವನು ಹೇಳಿದ್ದು ನಡೆಯುತ್ತದೆ. ಮಾಣಿಯಂಥವರು ಬೆಂಗಳೂರಿನಲ್ಲಿ ಬೀದಿಗೆ ಹತ್ತು." ಸರಿಯೇ. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರು ಯಾರು ಅಂತ ಗಾದೆಯೇ ಇದೆ. ಎಂಟು ತಿಂಗಳಿನ ಹುಡುಗ ನಾಳೆ ಹೋಗಿ ಮೇಜು ಕುಟ್ಟಲಿ ಅಂತ ನಾನೂ ಹೇಳುವುದಿಲ್ಲ. ಅವನು ಮೊದಲು ಮರ ಸವರಿ ನೋಡಲಿ. ಅಂದರೆ ತನ್ನ ಕೈಯಲ್ಲಿ ಏನೇನು ಕೆಲಸ ಇದೆ, ಯಾವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಒಂದು ಹಾಳೆಯಲ್ಲಿ ಬರೆಯಲಿ. ಹೊಸದು ಬಂದಾಗ ಆ ಹಾಳೆ ಮುಂದಿಟ್ಟು, "ಇದು ಇವತ್ತೇ ಬೇಕಾದರೆ ಇವುಗಳಲ್ಲಿ ಯಾವುದು ನಾಳೆಗೆ ಹೋಗಲಿ, ನೀವೇ ಹೇಳಿ" ಅನ್ನಲಿ. ಎದುರುತ್ತರ ಅಲ್ಲ ಇದು, ಲೆಕ್ಕ. ಆಗುವ ಎಂಟು ಮರ ಯಾವುದು ಅಂತಲೂ ಹೇಳಲಿ. ಗೊತ್ತಿಲ್ಲದ್ದಕ್ಕೆ "ಸಂಜೆ ಒಳಗೆ ನೋಡಿ ಹೇಳುತ್ತೇನೆ" ಅನ್ನಲಿ, ಹೇಳಿದ ಮೇಲೆ ಸಂಜೆ ಒಳಗೇ ಹೇಳಲಿ. ಇಷ್ಟು ಮಾಡಿಯೂ ಬಾಸ್ ಕೇಳದಿದ್ದರೆ? ಕೇಳದವರೂ ಇರುತ್ತಾರೆ. ಆಗ ಬೇರೆ ತೋಟ ನೋಡಬೇಕಾಗುತ್ತದೆ. ಅದಕ್ಕೆ ನೀವು ಅವನನ್ನು ಬೈಯಬಾರದು.

ನನಗೆ ಪೂರ್ತಿ ಬಂದಿದೆ ಅಂತಲ್ಲ. ಈಗ ಯಾರಾದರೂ ಕೇಳಿದರೆ "ಹತ್ತು ನಿಮಿಷ ಕೊಡಿ" ಅಂತೇನೋ ಹೇಳಿ, ಪರದೆ ನೋಡಿಯೇ ಉತ್ತರ ಕೊಡುತ್ತೇನೆ. ಆದರೂ ಹೋದ ವಾರ ಒಮ್ಮೆ ಬಾಯಿ ಜಾರಿತು. ಐದು ನಿಮಿಷಕ್ಕೆ ವಾಪಸ್ ಹೋಗಿ, "ಆಗಲೇ ಹೂಂ ಅಂದೆ, ಅದು ಆಗುವುದಿಲ್ಲ" ಅಂದೆ. ನಾಚಿಕೆಯಾಯಿತು. ಬಾಳೆಹಣ್ಣಿನ ವಾಸನೆಗಿಂತ ಅಡ್ಡಿಲ್ಲ.

ಆಫೀಸಿನಲ್ಲಿ ಇಷ್ಟಾದರೂ ಮನೆಯವರ ಹತ್ತಿರ ಇನ್ನೂ ಬರುತ್ತಿಲ್ಲ. ಮಾರಿಕಾಂಬಾ ಜಾತ್ರೆಗೆ ಬರುತ್ತೀಯಾ ಅಂತ ಆಯಿ ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ "ನೋಡ್ತಿ" ಅಂದೆ. ನೋಡುವುದು ಏನೂ ಇರಲಿಲ್ಲ. ಬರುವುದಿಲ್ಲ ಅಂತ ನವೆಂಬರಿನಲ್ಲೇ ನಿಶ್ಚಯ ಮಾಡಿದ್ದೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ತೇರಿನ ದಿನ ಮನೆ ತುಂಬಾ ನೆಂಟರು, ನಾನಿಲ್ಲದಿದ್ದರೆ ಆಯಿಗೆ ಹೇಗಾಗುತ್ತದೆ ಅಂತ ಗೊತ್ತು. ಅದಕ್ಕೇ ಹೇಳಲು ಬಾಯಿ ಬರಲಿಲ್ಲ. ರಜೆ ಸಿಗಲಿಲ್ಲ ಅಂತ ಬರೆದುಬಿಡೋಣ ಅನ್ನಿಸಿತ್ತು. ಅದು ಸುಳ್ಳು, ನಾನು ರಜೆ ಕೇಳಿಯೇ ಇಲ್ಲ. ಇಲ್ಲಿ ವರ್ಷಕ್ಕೆ ಕಾನೂನಿನ ಪ್ರಕಾರ ಸಿಗುವುದು 20 ದಿನ. ಜಾತ್ರೆಗೆ ಒಂದು ವಾರ ಓಡಿ ಬಂದು ಓಡಿ ಹೋಗುವ ಬದಲು, ಮೇ ತಿಂಗಳಲ್ಲಿ ಮೂರು ವಾರ ಒಟ್ಟಿಗೆ ಇರಬೇಕು ಅಂತ ನನ್ನ ಆಸೆ. ಹಲಸಿನ ಹಪ್ಪಳ ಒಣಗಿಸುವ ಹೊತ್ತು. ಕಾಗೆ ಕಾಯಲು ನಾನೇ ಕೂರುತ್ತೇನೆ. ಟಿಕೆಟ್ ತೆಗೆದಾಗಿದೆ.

ಆಯಿ, ಬೇಜಾರಾದರೆ ಫೋನಿನಲ್ಲಿ ಬೇಜಾರಾತು ಅಂತಲೇ ಹೇಳು. ಅಡ್ಡಿಲ್ಲೆ ಅನ್ನಡ.

ನಿಮ್ಮ
ಕೂಸು

ಮರೆತಿದ್ದೆ: ಯಾರಾದರೂ ಈ ಕಡೆ ಬರುವವರಿದ್ದರೆ ತೊಡೆದೇವು ಗಟ್ಟಿ ಡಬ್ಬಿಯಲ್ಲಿ ಹಾಕಿ ಕಳಿಸು. ಪಕ್ಕದ ಮೇಜಿನವನು ಕೇಳುತ್ತಲೇ ಇದ್ದಾನೆ. ಈ ಸಲ ಸುಮ್ನೆ ಕೊಡುತ್ತೇನೆ.