ತೋಟದ ಕಸಕ್ಕೆ ಇನ್ನು ಚೀಲದ ಲೆಕ್ಕ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ನಿಮ್ಮ ತೋಟದ ಕಸ ಒಯ್ದು ಗೊಬ್ಬರ ಮಾಡುವ ನಮ್ಮ ಸಂಘದಲ್ಲಿ ತಿಂಗಳಿಗಿಷ್ಟು ಎಂದು ಎಲ್ಲ ಮನೆಗೂ ಒಂದೇ ದರ ಇತ್ತು. ಮುಂದಿನ ತಿಂಗಳ 1ನೇ ತಾರೀಖಿನಿಂದ ಚೀಲದ ಲೆಕ್ಕ ಬರುತ್ತದೆ. ತರಗೆಲೆ, ಹುಲ್ಲು, ಎಳೆ ಟೊಂಗೆ ತುಂಬಿದ ಗೋಣಿಚೀಲಕ್ಕೆ 30 ರೂಪಾಯಿ. ತೆಂಗಿನ ಗರಿ ಒಂದಕ್ಕೆ 10 ರೂಪಾಯಿ. ದಪ್ಪ ಕೊಂಬೆ ಇದ್ದರೆ ಮೊದಲೇ ಫೋನ್ ಮಾಡಿ, ನೋಡಿ ಹೇಳುತ್ತೇವೆ.

"ನಮ್ಮ ಎಲೆ ತಗೊಂಡು ಹೋಗಿ ಗೊಬ್ಬರ ಮಾಡಿ ಮಾರ್ತೀರಿ, ಮತ್ತೆ ನಮ್ಮ ಹತ್ರಾನೇ ದುಡ್ಡು ಯಾಕೆ?" ಎಂದು ಸರಸ್ವತಿಪುರಂ, ಕುವೆಂಪುನಗರದ ಕೆಲವರು ಕೇಳಿದ್ದೀರಿ. ಕೇಳಬೇಕಾದ ಮಾತೇ. ಲೆಕ್ಕ ಬಿಡಿಸಿ ಹೇಳುತ್ತೇವೆ.

ಗಾಡಿ ತುಂಬ ತರಗೆಲೆ ಕಾಣುತ್ತದೆ, ತೂಕ ಮಾತ್ರ ಇರುವುದಿಲ್ಲ. ಡೀಸೆಲ್ಲು, ಡ್ರೈವರ್ ಕೂಲಿ ಏನೂ ಕಡಿಮೆಯಾಗುವುದಿಲ್ಲ. ಒಣ ಎಲೆಯನ್ನು ಸುಮ್ನೆ ರಾಶಿ ಹಾಕಿದರೆ ಬೇಗ ಕೊಳೆಯುವುದೂ ಇಲ್ಲ. ಸುಮಾರು 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಸಿಕ್ಕರೆ ಗುಡ್ಡೆ ಚೆನ್ನಾಗಿ ಬಿಸಿಯೇರುತ್ತದೆ. ಒಣ ಎಲೆಯಲ್ಲಿ ಇಂಗಾಲವೇ ಜಾಸ್ತಿ. ಅದಕ್ಕೇ ಸಗಣಿ ಕೊಂಡು ತರುತ್ತೇವೆ, ಹಸಿ ಹುಲ್ಲು ಬೆರೆಸುತ್ತೇವೆ. ಒಳಗಿನ ಬಿಸಿ 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ಕಳೆ ಬೀಜ ಸಾಯುತ್ತದೆ. ಆ ಬಿಸಿ ಎಲ್ಲ ಕಡೆಗೂ ತಾಗಬೇಕಲ್ವಾ, ಹಾಗಾಗಿ ಗುಡ್ಡೆಯನ್ನು ಮತ್ತೆ ಮತ್ತೆ ಮಗುಚಬೇಕು, ನೀರು ಚಿಮುಕಿಸಬೇಕು. ಕೊನೆಗೆ 4 ಮಿಲಿಮೀಟರ್ ಜರಡಿ ಹಿಡಿಯುತ್ತೇವೆ. ಅಷ್ಟು ಹೊತ್ತಿಗೆ ಗುಡ್ಡೆ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಉಳಿದದ್ದನ್ನು ರೈತರು ಕೊಳ್ಳಬಹುದಾದ ಬೆಲೆಗೇ ಮಾರಬೇಕು. ಗೊಬ್ಬರದ ದುಡ್ಡು ಗೊಬ್ಬರ ಮಾಡುವ ಖರ್ಚಿಗೇ ಸಾಲದು, ನಿಮ್ಮ ಗೇಟಿಗೆ ಗಾಡಿ ಕಳಿಸುವ ಖರ್ಚು ಅದರಲ್ಲಿ ಗಿಟ್ಟುವುದಿಲ್ಲ.

ಗರಿಗೆ ಬೇರೆ ದರ ಇಟ್ಟಿದ್ದಕ್ಕೂ ಕಾರಣವಿದೆ. ಎಲೆ ಬೇಗ ಪುಡಿಯಾಗುತ್ತದೆ. ತೆಂಗಿನ ಗರಿಯ ಮಟ್ಟೆಯ ನಾರು ಹಾಗಲ್ಲ, ಕಸ ಪುಡಿ ಮಾಡುವ ಶ್ರೆಡ್ಡರ್ ಮೆಷಿನ್ ಒಳಗೆ ಸುತ್ತಿಕೊಂಡು ಬಿಗಿಯುತ್ತದೆ. ಮೆಷಿನ್ ನಿಲ್ಲಿಸಿ, ಮುಚ್ಚಳ ತೆಗೆದು, ಕುಡುಗೋಲಿನಲ್ಲಿ ನಾರು ಕೊಯ್ದು ಕೊಯ್ದು ಎಳೆಯಬೇಕು. ಬ್ಲೇಡೂ ಬೇಗ ಮೊಂಡಾಗುತ್ತದೆ. ಹೂವಿನ ಹಾರದ ನೈಲಾನ್ ದಾರದ್ದೂ ಇದೇ ಕಥೆ. ಆಯುಧಪೂಜೆ ಮುಗಿದ ವಾರ ಬಾಳೆಕಂಬ, ಹಾರ, ಒಡೆದ ಬೂದುಗುಂಬಳ ಎಲ್ಲ ಒಟ್ಟಿಗೆ ಬರುತ್ತವೆ, ಕುಂಬಳದೊಳಗೆ ಹಾಕಿದ ಚಿಲ್ಲರೆ ಕಾಸೂ ಜೊತೆಗೆ. ಒಂದು ನಾಣ್ಯ ಸಿಕ್ಕಿಕೊಂಡರೂ ಬ್ಲೇಡ್ ಹಲ್ಲು ಮುರಿಯುತ್ತದೆ. ದಯವಿಟ್ಟು ದಾರ, ತಂತಿ, ನಾಣ್ಯ ತೆಗೆದು ಕೊಡಿ. ಪ್ಲಾಸ್ಟಿಕ್ ಇರುವ ಚೀಲವನ್ನು ಇನ್ನು ಗಾಡಿಗೆ ಏರಿಸುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಬರಿಗೈಲಿ ಅದನ್ನು ಆರಿಸುವುದನ್ನು ನೋಡಲು ನಮಗೆ ಮನಸ್ಸಿಲ್ಲ.

ಚಿಕ್ಕ ಅಂಗಳದವರಿಗೆ ಹೊಸ ಲೆಕ್ಕದಿಂದ ಖರ್ಚು ಕಡಿಮೆಯಾಗುತ್ತದೆ. ಇಷ್ಟು ದಿನ ವಾರಕ್ಕೊಂದು ಬುಟ್ಟಿ ಎಲೆ ಕೊಡುವವರೂ ದೊಡ್ಡ ತೋಟದವರಷ್ಟೇ ಕಟ್ಟುತ್ತಿದ್ದರು. ಅದು ಸರಿಯಿರಲಿಲ್ಲ.

ನಮಗೆ ಕೊಡದಿದ್ದರೂ ಬೇಜಾರಿಲ್ಲ. ತರಗೆಲೆಯನ್ನು ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಬೇಸಿಗೆಯಲ್ಲಿ ನೀರು ಉಳಿಯುತ್ತದೆ, ಚೀಲದ ದುಡ್ಡೂ ಉಳಿಯುತ್ತದೆ. ಬೆಂಕಿ ಮಾತ್ರ ಹಚ್ಚಬೇಡಿ. ಘನತ್ಯಾಜ್ಯ ನಿಯಮದಲ್ಲೂ ರಸ್ತೆ ಬದಿಯಲ್ಲಿ ಕಸ ಸುಡುವಂತಿಲ್ಲ ಎಂದಿದೆ. ಪಕ್ಕದ ಮನೆಯ ಅಜ್ಜನಿಗೋ ಕೂಸಿಗೋ ಉಬ್ಬಸ ಇದ್ದರೆ ಆ ಹೊಗೆ ಏನು ಮಾಡುತ್ತದೆ ಎಂದು ಬೇರೆ ಹೇಳಬೇಕಿಲ್ಲ. ವಿದ್ಯಾರಣ್ಯಪುರಂನ ಸೂಯೇಜ್ ಫಾರ್ಮ್‌ನ ಕಸದ ರಾಶಿಗೂ ನಿಮ್ಮ ಎಲೆ ಹೋಗದಿರಲಿ. ಮಣ್ಣಿಗೆ ಸೇರಬೇಕಾದದ್ದು ಕಸದ ಗುಡ್ಡ ಸೇರಬಾರದು.

ಈ ತಿಂಗಳಿಗಿಂತ ಮುಂದಕ್ಕೆ ದುಡ್ಡು ಕಟ್ಟಿರುವವರು ಚಿಂತೆ ಮಾಡಬೇಡಿ, ಉಳಿದದ್ದನ್ನು ಚೀಲದ ಲೆಕ್ಕಕ್ಕೆ ಹಾಕಿಕೊಳ್ಳುತ್ತೇವೆ. ವಾಪಸ್ ಬೇಕೆಂದರೆ ರಸೀದಿ ತೋರಿಸಿ ಗಾಡಿಯವರ ಹತ್ತಿರವೇ ಪಡೆಯಬಹುದು. ಗಾಡಿ ಬರುವ ದಿನ, ಹೊತ್ತು ಯಾವುದೂ ಬದಲಾಗಿಲ್ಲ.

ಇಂತಿ,
ಸಂಘದ ಎಲ್ಲ ಸದಸ್ಯರ ಪರವಾಗಿ,
ಕಾರ್ಯದರ್ಶಿ, ಮೈಸೂರು